ಕಡಲಿಲ್ಲದ ಬಂದರಿಗೆ ಹೊರಟ ಕಂಟೇನರ್

ಹೊಸೂರಿನ ಹೊರವಲಯದ ಎರಕದ ಕಾರ್ಖಾನೆಯೊಂದರಲ್ಲಿ ನಾನು ಸರಕು ರವಾನೆ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ತಯಾರಾಗುವ ಪಂಪಿನ ಬಿಡಿಭಾಗಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತವೆ. ಕಂಟೇನರುಗಳು ಲಾರಿಯ ಮೇಲೆ ಕೃಷ್ಣಗಿರಿ ದಾಟಿ ನೇರ ಚೆನ್ನೈ ಸೇರುವುದು ರೂಢಿ. ಒಂದು ಮಳೆಗಾಲದಲ್ಲಿ ಕೃಷ್ಣಗಿರಿಯಿಂದಾಚೆ ಹೆದ್ದಾರಿಯ ಮೇಲೆ ನೀರು ನಿಂತು ಲಾರಿಗಳು ಸಾಲುಗಟ್ಟಿದವು. ತುಂಬಿ ಸಿದ್ಧವಾಗಿದ್ದ ನಮ್ಮ ಕಂಟೇನರ್ ಅಂಗಳದಲ್ಲೇ ಉಳಿಯಿತು. ಅದನ್ನು ಒಯ್ಯಬೇಕಾದ ಹಡಗು ಆ ವಾರವೇ ಹೊರಡುವುದಿತ್ತು.

ಬೆಂಗಳೂರಿನ ಪಕ್ಕದ ಒಳನಾಡು ಬಂದರಿಗೆ ಕಳಿಸಿ, ಅಲ್ಲಿಂದ ರೈಲಿಗೆ ಹಾಕೋಣ ಎಂದು ಮ್ಯಾನೇಜರಿಗೆ ಹೇಳಿದೆ. ಹಳಿಯ ದಾರಿ ಬೇರೆ, ಗೂಡ್ಸ್ ರೈಲುಗಳು ಓಡುತ್ತಿವೆ ಎಂಬುದನ್ನು ಆಗಲೇ ವಿಚಾರಿಸಿಕೊಂಡಿದ್ದೆ. ಅವರು ಸೇಲಂ ಕಡೆಯವರು. ನಮ್ಮ ಮಾತೆಲ್ಲ ತಮಿಳಿನಲ್ಲೇ. ಹಡಗು ಇರುವುದು ಪೂರ್ವಕ್ಕೆ, ನೀನು ಉತ್ತರಕ್ಕೆ ಕಳಿಸುತ್ತೀಯಲ್ಲ ಎಂದು ನಕ್ಕರು. ಆಮೇಲೆ ಗಂಭೀರವಾದರು. ಆ ರೈಲೂ ತಪ್ಪಿದರೆ ಬೇರೆ ದಾರಿಯೇ ಇಲ್ಲವಲ್ಲ ಎಂದರು. ತಪ್ಪುವುದಿಲ್ಲ, ನಾನೇ ಲಾರಿಯ ಜೊತೆ ಹೋಗುತ್ತೇನೆ ಎಂದೆ. ಒಪ್ಪಿಕೊಂಡರು.

ಮನೆಗೆ ಬರುವುದು ತಡವಾಗುತ್ತದೆಂದು ಕೆಲಮಂಗಲದಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದೆ. ಅವರು ಟೊಮೆಟೊ ಬಿಡಿಸುತ್ತಿದ್ದರು.

"ಅಲ್ಲ ಕಣಮ್ಮಾ, ನೀರೇ ಇಲ್ದಿರೋ ತಾವ ಬಂದರು ಯಾತುರ್ದು?"

"ನೀರು ಬೇಕಿಲ್ಲಪ್ಪಾ. ಕಸ್ಟಮ್ಸ್‌ನೋರು ಅಲ್ಲೇ ನೋಡಿ ಸೀಲ್ ಹಾಕ್ತಾರೆ. ಆಮೇಲೆ ರೈಲು ಹಡಗಿನ ತಾವ ತಗಂಡೋಗ್ತದೆ."

"ಹಂಗಾದ್ರೆ ಹುಷಾರಾಗಿ ಹೋಗ್ಬಾ" ಎಂದರು.

ಹೊರಡುವ ಮೊದಲು ಕಂಟೇನರಿನ ಬಾಗಿಲು ತೆಗೆಸಿ ನೋಡಿದೆ. ಭಾರದ ಪೆಟ್ಟಿಗೆಗಳೆಲ್ಲ ಬಾಗಿಲ ಕಡೆಗೇ ಕೂತಿದ್ದವು. ಹಾಗೆ ತುಂಬುವುದು ಲಾರಿಗೂ ಒಳ್ಳೆಯದಲ್ಲ, ಆದರೂ ಸಾಗಿಹೋಗುತ್ತಿತ್ತು. ರೈಲಿನಲ್ಲಿ ಆ ಆಟ ನಡೆಯುವುದಿಲ್ಲ. ಎಲ್ಲ ಇಳಿಸಿ ಮತ್ತೆ ತುಂಬಬೇಕು ಎಂದಾಗ ಲೋಡಿಂಗ್ ಮೇಸ್ತ್ರಿಯ ಮುಖ ಕೆಂಪಾಯಿತು. ಅವನು ಡೆಂಕಣಿಕೋಟೆಯವನು, ಒರಟು ಮಾತಿನವನು.

"ಏನಕ್ಕಾ, ಬೆಳಗಿಂದ ಬೆನ್ನು ಮುರ್ಕಂಡು ತುಂಬಿದೀವಿ. ಇವಾಗ ಬಿಚ್ಚು ಅಂದ್ರೆ?"

"ಬಿಚ್ಚಲೇಬೇಕಣ್ಣಾ. ಒಂದ್ ಕಡೆ ಭಾರ ಇದ್ರೆ ರೈಲ್‌ನೋರು ಮುಟ್ಟಲ್ಲ. ವಾಪಸ್ ಬಂತು ಅಂದ್ರೆ ನಮ್ಮಿಬ್ಬರ್ ಮಾನಾನೂ ಹೋಗ್ತದೆ."

ಅವನು ಗೊಣಗುತ್ತಲೇ ಫೋರ್ಕ್‌ಲಿಫ್ಟ್ ತರಿಸಿದ. ನಾನು ಬಾಗಿಲ ಬಳಿ ನಿಂತು ಯಾವ ಪೆಟ್ಟಿಗೆ ಎಲ್ಲಿಗೆ ಎಂದು ಹೇಳುತ್ತಾ ಹೋದೆ. ಅರ್ಧ ಕೆಲಸ ಆಗುವ ಹೊತ್ತಿಗೆ ಅವನೇ ನನಗಿಂತ ಮೊದಲು ಜಾಗ ತೋರಿಸುತ್ತಿದ್ದ.

ಡ್ರೈವರ್ ಪಕ್ಕದಲ್ಲಿ ಕೂತು ಹೊರಟೆ. ಅತ್ತಿಬೆಲೆಯ ಟ್ರಾಫಿಕ್‌ನಲ್ಲಿ ಲಾರಿ ತೆವಳಿದಾಗ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡೆ. ಆದರೆ ಗೇಟು ಮುಚ್ಚುವ ಮೊದಲೇ ಒಳನಾಡು ಬಂದರನ್ನು ಮುಟ್ಟಿದೆವು. ತೂಕ ಸರಿಹೋಯಿತು, ತಪಾಸಣೆ ಮುಗಿದು ಸೀಲ್ ಬಿತ್ತು. ಎತ್ತರದ ಯಂತ್ರವೊಂದು ಬಂದು ನಮ್ಮ ಕಂಟೇನರನ್ನು ಬೆಂಕಿಪೊಟ್ಟಣದಂತೆ ಎತ್ತಿ ವ್ಯಾಗನ್ನಿನ ಮೇಲೆ ಕೂರಿಸಿತು. ಆವರೆಗೆ ನನ್ನ ಕೆಲಸವೆಂದರೆ ಗೇಟಿನಿಂದ ಲಾರಿ ಕಳಿಸುವುದಷ್ಟೇ ಆಗಿತ್ತು. ಸಾಲು ವ್ಯಾಗನ್ನುಗಳು ಒಂದನ್ನೊಂದು ಜಗ್ಗಿಕೊಂಡು ಹೊರಟಾಗ, ಪರಿಚಯವೇ ಇಲ್ಲದ ಯಾರೋ ಒಬ್ಬರಿಗೆ "ಅದು ನಮ್ದು" ಎಂದು ಕೈ ತೋರಿಸಿ ಹೇಳಿದೆ.

ಹಡಗು ಹೊರಡುವ ಮೊದಲೇ ಕಂಟೇನರ್ ಅದರೊಳಗಿತ್ತು. ಸುದ್ದಿ ಬಂದಾಗ ಮ್ಯಾನೇಜರ್ ತಾವೇ ನನ್ನ ಮೇಜಿಗೆ ಕಾಫಿ ತಂದಿಟ್ಟರು. ಈಗ ಹೆದ್ದಾರಿ ಚೆನ್ನಾಗಿರುವಾಗಲೂ ಭಾರದ ಸರಕನ್ನು ರೈಲಿಗೇ ಹಾಕುತ್ತೇವೆ. ಯಾವುದು ಯಾವ ದಾರಿಗೆ ಎಂದು ತೀರ್ಮಾನಿಸುವವಳು ನಾನೇ. ಮೊದಲ ಪೆಟ್ಟಿಗೆ ಎತ್ತುವ ಮುಂಚೆ ಮೇಸ್ತ್ರಿ ಕೂಗುತ್ತಾನೆ: "ಅಕ್ಕಾ, ಇದು ರೋಡಿಗಾ, ರೈಲಿಗಾ?"