ಅಕ್ಕಿಕಾಳಿನ ಫೋಟೋ

ಬೈಲಹೊಂಗಲದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನನ್ನ ಬಳಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಇತ್ತು, ಅದಕ್ಕಿಂತ ದೊಡ್ಡ ಜಂಬವೂ ಇತ್ತು. ಆಗಿನ್ನೂ ರೋಲಿನ ಕಾಲ. ಭಾನುವಾರ ಬಂದರೆ ಬಸ್ಸು ಹತ್ತಿ ಕಿತ್ತೂರಿಗೋ ದೇಗಾಂವಕ್ಕೋ ಹೋಗಿ ಹಳೆಯ ಕಲ್ಲುಗೋಡೆಗಳ ಚಿತ್ರ ತೆಗೆಯುತ್ತಿದ್ದೆ. ಕಲ್ಲುಗಳು ಒಳ್ಳೆಯವು. ಕಣ್ಣು ಮುಚ್ಚುವುದಿಲ್ಲ, ಬೆಳಕು ಬರುವವರೆಗೆ ಕಾಯುತ್ತವೆ, ಕಾಪಿ ಯಾವಾಗ ಕೊಡುತ್ತೀ ಎಂದು ಪೀಡಿಸುವುದಿಲ್ಲ. ಮನುಷ್ಯರ ಫೋಟೋ ತೆಗೆಯುವುದೆಂದರೆ ನನಗೆ ಆಗುತ್ತಿರಲಿಲ್ಲ.

ಹೀಗಿರುವಾಗ ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ದೊಡವಾಡದ ಗೆಳೆಯನ ಮದುವೆ ಗೊತ್ತಾಯಿತು. ಹುಡುಗಿ ಸಿರಸಂಗಿಯವಳು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಅವನು, "ಫೋಟೋ ನೀನ ಹೊಡೀಬೇಕ ನೋಡಪಾ," ಎಂದ.

"ಹುಚ್ಚ ಹಿಡದೈತೇನ ನಿನಗ? ನಾ ಗ್ವಾಡಿ ಫೋಟೋ ತಗಿಯಾಂವ."

"ಪ್ಯಾಟಿ ಫೋಟೋದವರು ಮಂದೀನ ಗೊಂಬಿ ನಿಲ್ಲಿಸಿದಂಗ ನಿಲ್ಲಸ್ತಾರ. ನೀ ಇದ್ದದ್ದ ಇದ್ದಂಗ ಹೊಡಿ. ಹೊಲ್ಲ ಬಂದ್ರೂ ನಡೀತೈತಿ."

ಕೆಟ್ಟದಾಗಿ ಬಂದರೂ ನಡೆಯುತ್ತದೆ ಎಂದದ್ದು ನನ್ನನ್ನು ಚುಚ್ಚಿತು. ಆ ಸಿಟ್ಟಿಗೇ ಒಪ್ಪಿಕೊಂಡೆ, ಮೂರು ರೋಲು ತಂದಿಟ್ಟುಕೊಂಡೆ.

ಮದುವೆ ದೊಡವಾಡದಲ್ಲಿ, ಅವನ ಮನೆಯ ಮುಂದಿನ ಹಂದರದಲ್ಲಿ. ಬೆಳಗಿನಿಂದ ಅರಿಷಿಣ ಹಚ್ಚುವುದು, ನೀರು ಹಾಕುವುದು, ಬೀಗರನ್ನು ಎದುರುಗೊಳ್ಳುವುದು ಎಲ್ಲ ತೆಗೆದೆ. ಯಾರನ್ನೂ ನಿಲ್ಲಿಸಲಿಲ್ಲ. ಆದರೂ ಕ್ಯಾಮೆರಾ ಎತ್ತಿದ ಕೂಡಲೇ ಜನ ತಾವಾಗಿಯೇ ನಡು ನೆಟ್ಟಗೆ ಮಾಡಿ, ನಗು ನುಂಗಿ, ಗೊಂಬೆಯಾಗುತ್ತಿದ್ದರು. ಪೇಟೆಯವರನ್ನು ಸುಮ್ಮನೆ ಬೈದಿದ್ದೆವು.

ಗೆಳೆಯನ ಅಪ್ಪ ಅವನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಎಮ್ಮೆ ಸಾಕಿ, ಹೊಲ ಮಾಡಿಸಿ ಅವನನ್ನು ಓದಿಸಿದ್ದು ಅವ್ವ. ಆದರೂ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಆಕೆ ಹಂದರಕ್ಕೆ ಬರುವ ಹಾಗಿರಲಿಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾ ಎಂದು ಕೈಹಿಡಿದು ಕರೆದವನು ಮಗ ಒಬ್ಬನೇ. "ನನ್ನ ನೆಳ್ಳ ಬೀಳೂದ ಬ್ಯಾಡ," ಎಂದು ಆಕೆ ಪಡಸಾಲೆಯ ಬಾಗಿಲಲ್ಲೇ ನಿಂತಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ, ಯಾರಿಗೂ ಉಪಯೋಗವಿಲ್ಲದ ಸಿಟ್ಟು.

ಅಕ್ಕಿಕಾಳಿಗೆ ಸ್ವಲ್ಪ ಮೊದಲು ಆಕೆ ನನ್ನನ್ನು ಬಾಗಿಲಿಗೆ ಕರೆದಳು.

"ಯಪ್ಪಾ, ಕಾಳ ಬೀಳೂವಾಗ ಒಂದ ಫೋಟೋ ಹೊಡಿ. ಕಾಳ ಬೀಳೂದನ್ನ ನಾ ಫೋಟೋದಾಗ ನೋಡಾಕಿ. ಬ್ಯಾರೆ ಯಾವೂ ಚಲೋ ಬರಲಿಲ್ಲಂದ್ರೂ ಅಡ್ಡಿಯಿಲ್ಲ."

"ಹೊಡೀತೇನ್ರಿ ಅವ್ವಾ."

ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಕಾಳನ್ನು ನನ್ನ ಅಂಗಿಯ ಜೇಬಿಗೆ ಹಾಕಿದಳು. "ಇವ ನನ್ನ ಪಾಲಿನೂ. ನೀ ಹಾಕು." ಅಕ್ಕಿಕಾಳು ಎಂದರೂ ನಮ್ಮ ಕಡೆ ಅದು ಅರಿಷಿಣ ಹಚ್ಚಿದ ಜೋಳ. ಅವರ ಹೊಲದ್ದೇ ಇರಬೇಕು, ದಪ್ಪ ಕಾಳು. ಅದಕ್ಕೂ ಹ್ಞೂ ಎಂದೆ. ಎರಡೂ ಕೆಲಸ ಒಂದೇ ಗಳಿಗೆಯವು ಎಂಬುದು ನನ್ನ ಜಾಣ ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ನಡುವಿನ ಅಂತರಪಟ ಸರಿದಾಗ. ಎಡಗೈ ಲೆನ್ಸಿನ ಮೇಲಿತ್ತು, ಬಲಗೈ ಗುಂಡಿಯ ಮೇಲೆ. ಬಾಜಾ ಜೋರಾಯಿತು, ಸುತ್ತಲಿನ ಕೈಗಳೆಲ್ಲ ಮೇಲೆದ್ದವು. ನನ್ನ ಜೇಬು ಒಮ್ಮೆಲೇ ಭಾರವಾದಂತೆನಿಸಿತು. ಕ್ಯಾಮೆರಾವನ್ನು ಕೊರಳಲ್ಲಿ ಇಳಿಬಿಟ್ಟು, ಜೇಬಿಗೆ ಕೈಹಾಕಿ, ಇದ್ದಷ್ಟನ್ನೂ ಬಾಚಿ ಗೆಳೆಯನ ಮೇಲೆ ಹಾಕಿದೆ. ಬೀಳುವುದನ್ನು ಬರಿಗಣ್ಣಿನಿಂದ ನೋಡಿದೆ, ಆಗ ಅವನು ಎತ್ತ ನೋಡಿದ ಎಂಬುದನ್ನೂ ನೋಡಿದೆ. ಮತ್ತೆ ಕ್ಯಾಮೆರಾ ಎತ್ತುವಷ್ಟರಲ್ಲಿ ಕಾಳೆಲ್ಲ ನೆಲದಲ್ಲಿತ್ತು, ಮಂದಿ ಊಟದ ಪಂಕ್ತಿಯ ಕಡೆ ಹೊರಟಿದ್ದರು.

ಹದಿನೈದು ದಿನಕ್ಕೆ ಬೆಳಗಾವಿಯಿಂದ ಫೋಟೋಗಳು ಬಂದವು. ತೀರಾ ಕೆಟ್ಟದಾಗಿರಲಿಲ್ಲ. ಗೆಳೆಯ ಎರಡು ಸಲ ತಿರುವಿಹಾಕಿ, "ಅಕ್ಕಿಕಾಳಿನ ಫೋಟೋ ಎಲ್ಲೈತಿ?" ಎಂದ. ಫ್ಲ್ಯಾಶ್ ಹತ್ತಲಿಲ್ಲ ಎಂದು ಸುಳ್ಳು ಹೇಳಿದೆ. ಅವನು ನಂಬಿದ. "ನೀನ ಬಂದ ಅವ್ವಗ ಹೇಳ, ನನಗ ಧೈರ್ಯ ಆಗವಲ್ದು," ಎಂದ.

ಮುಂದಿನ ಭಾನುವಾರ ದೊಡವಾಡಕ್ಕೆ ಹೋದೆ. ಆಕೆ ಕೈತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ಪಡಸಾಲೆಯಲ್ಲಿ ಕೂತು ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಕೊನೆಯದನ್ನು ನೋಡಿ ನನ್ನ ಮುಖ ನೋಡಿದಳು. ಫ್ಲ್ಯಾಶಿನ ಸುಳ್ಳು ಅಲ್ಲಿ ಬಾಯಿಗೆ ಬರಲಿಲ್ಲ.

"ನಿಮ್ಮ ಕಾಳ ಹಾಕೂದ್ರಾಗ ಫೋಟೋ ತಪ್ಪಿತ್ರಿ ಅವ್ವಾ."

ನನಗೆ ನಾಚಿಕೆಯಾಗಿತ್ತು. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಆಕೆ ಬೈಯಲಿಲ್ಲ.

"ಕಾಳ ಅವನ ಮ್ಯಾಲ ಬಿದ್ದೂ ಹೌದಲ್ಲೊ?"

"ಬಿದ್ದೂರಿ. ಬಾಸಿಂಗದ ಮ್ಯಾಲ ಬಿದ್ದೂ. ಎರಡ ಕಾಳ ಹೆಗಲ ಮ್ಯಾಲಿನ ಶಲ್ಲೇದಾಗ ಸಿಕ್ಕೊಂಡೂ."

"ಆವಾಗ ಅಂವ ಏನ ಮಾಡಾಕ ಹತ್ತಿದ್ದಾ?"

"ಬಾಗಲದ ಕಡೆ ನೋಡಾಕ ಹತ್ತಿದ್ದಾ."

ಆಕೆ ಫೋಟೋಗಳನ್ನು ಒಂದರ ಮೇಲೊಂದು ಅಂಚು ಸರಿಯಾಗಿ ಜೋಡಿಸಿದಳು. ಬಹಳ ಹೊತ್ತು ಅದನ್ನೇ ಮಾಡಿದಳು.

"ನಾ ಆವಾಗ ಕದದ ಹಿಂದ ಸರದಿದ್ನೆಪಾ," ಎಂದಳು. "ಅವಂಗ ಕಂಡಿರಲಿಕ್ಕಿಲ್ಲ."

"ಕಂಡೀರಿ ಬಿಡ್ರಿ. ನಿಮ್ಮ ಸೆರಗ ಕಾಣತಿತ್ತು," ಎಂದೆ.

"ಹೌದ?" ಎಂದು ಆಕೆ ಎದ್ದು, ಚಹಾ ಮಾಡಲು ಒಳಗೆ ಹೋದಳು. ಹೋಗುವಾಗ ಮುಖ ಅರಳಿತ್ತು.

ಅವನು ನೋಡಿದ ಕಡೆ ಅಂದು ನಾನೂ ತಿರುಗಿ ನೋಡಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.