ಮಲಕಾಜಪ್ಪನ ಬಟ್ಟೆಗೆ ಮೊದಲ ನೀರು

ಬನಹಟ್ಟಿಯ ಮಲಕಾಜಪ್ಪನನ್ನು ಒಂದು ಕಡೆ ಕೂರಿಸುವುದು ಹೆತ್ತವರಿಂದಲೂ ಆಗಲಿಲ್ಲ, ನಲವತ್ತು ವರ್ಷ ಸಂಸಾರ ಮಾಡಿದ ಶಿವವ್ವನಿಂದಲೂ ಆಗಲಿಲ್ಲ. ಅರವತ್ಮೂರು ವರ್ಷದ ಆಸಾಮಿ, ಇನ್ನೂ ಬಸ್ಸು ನಿಲ್ಲುವ ಮೊದಲೇ ಇಳಿಯುತ್ತಾನೆ. ಊಟಕ್ಕೆ ಕೂತರೆ ಮೂರು ಸಲ ಎದ್ದು ಹೋಗಿ ಮಗ್ಗ ನೋಡಿ ಬರುತ್ತಾನೆ. ಮದುವೆಗೆ ಕರೆದರೆ ಅಕ್ಷತೆ ಬೀಳುವತನಕ ತಡೆಯದೆ, ಪಕ್ಕದಲ್ಲಿ ಕೂತವರ ಧೋತರದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡುತ್ತಾನೆ. ಒಮ್ಮೆ ರಬಕವಿಯ ಪೇಟೆಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸಿನ ಸೆರಗನ್ನೇ ಹಿಡಿದು "ಇದು ಯಾರ ಮಗ್ಗದ್ದು ಬೇ?" ಎಂದು ಕೇಳಿದ್ದ. ಆಕೆ ಅವನ ಏಳು ತಲೆಮಾರನ್ನೂ ಅಲ್ಲೇ ರಸ್ತೆಯಲ್ಲಿ ನಿಲ್ಲಿಸಿ ಉಗಿದಳು. ಇವನಿಗೆ ಅದರ ಚಿಂತೆ ಇರಲಿಲ್ಲ. ಮನೆಗೆ ಬಂದು, "ನೂಲು ಹುರಿ ಸರಿ ಇರಲಿಲ್ಲ" ಎಂದು ಹೆಂಡತಿಗೆ ವರದಿ ಒಪ್ಪಿಸಿದ.

ಮನೆಯ ಮುಂದಿನ ಶೆಡ್ಡಿನಲ್ಲಿ ಮಗ ಸುಭಾಷ್ ನಾಲ್ಕು ಪವರ್‌ಲೂಮ್ ಓಡಿಸುತ್ತಾನೆ. ಹಿಂದಿನ ಕೋಣೆಯಲ್ಲಿ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ, ಮಲಕಾಜಪ್ಪನ ಕುಣಿಮಗ್ಗ. ಅದಕ್ಕೆ ಈಗ ಕೆಲಸ ಕಡಿಮೆ. ಕೆಲಸ ಇಲ್ಲದ ದಿನ ಅವನನ್ನು ಸಂಭಾಳಿಸುವುದೆಂದರೆ, ಅಯ್ಯೋ, ಶಿವವ್ವನನ್ನೇ ಕೇಳಬೇಕು.

ಅಂಥದೊಂದು ದಿನ ಜಮಖಂಡಿಯಿಂದ ಜ್ಞಾನೇಶ್ವರ ಬಂದ. ಮುಧೋಳ ರಸ್ತೆಯಲ್ಲಿ ಅವನದೊಂದು ಗ್ಯಾರೇಜು. ಕಬ್ಬಿನ ಟ್ರಾಲಿಗೆ ಬೆಸುಗೆ ಹಾಕುತ್ತಿದ್ದವನ ತಲೆಗೆ ನಾಲ್ಕು ವರ್ಷದ ಹಿಂದೆ ಒಂದು ಹುಚ್ಚು ಹೊಕ್ಕಿತ್ತು. ಮೀರಜದ ಕಡೆಯ ಯಾವುದೋ ಗೋದಾಮಿನಲ್ಲಿ ಕೋಳಿ ಕೂರುತ್ತಿದ್ದ ಒಂದು ಹಳೇ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. ಹಿಂದಿನ ಕಾಲದ ಸಿರಿವಂತರು ಟಾಪು ಮಡಚಿ, ಗಾಳಿಗೆ ಮುಖ ಕೊಟ್ಟು ತಿರುಗುತ್ತಿದ್ದ ಇಂಗ್ಲೆಂಡಿನ ಕಾರು ಅದು. ತುಕ್ಕು ಕೆರೆದು, ಎಂಜಿನ್ ಬಿಚ್ಚಿ ಕೂಡಿಸಿ, ಕೆನೆಬಣ್ಣ ಹೊಡೆದು ಅದನ್ನು ಮದುಮಗಳ ಹಾಗೆ ನಿಲ್ಲಿಸಿದ್ದ. ಹೊಲ ಮಾರಿದ್ದ. ಹೆಂಡತಿ ಎರಡು ಸಲ ತವರಿಗೆ ಹೋಗಿ ತಿರುಗಿ ಬಂದಿದ್ದಳು. ಉಳಿದದ್ದು ಹುಡ್, ಅಂದರೆ ಆ ಮಡಚುವ ಟಾಪು, ಒಂದೇ.

ಒಳಗೆ ರಬ್ಬರಿನ ಅಸ್ತರು, ಮೇಲೆ ಹತ್ತಿಯ ದಪ್ಪ ಬಟ್ಟೆ, ಇದು ಆ ಹುಡ್ಡಿನ ಲೆಕ್ಕ. ಹೊರದೇಶದಿಂದ ತರಿಸುವ ಶಕ್ತಿ ಜ್ಞಾನೇಶ್ವರನಲ್ಲಿ ಉಳಿದಿರಲಿಲ್ಲ. ಅಂಗೈಯಷ್ಟು ಹಳೇ ತುಂಡು ಹಿಡಿದು ಅವನು ಬನಹಟ್ಟಿಯ ಓಣಿ ಓಣಿ ಅಲೆದ. ಹತ್ತು ಮೀಟರಿಗಾಗಿ ಯಾರು ಪವರ್‌ಲೂಮ್ ನಿಲ್ಲಿಸಿ ಹೊಸದಾಗಿ ಹಾಸಿನ ನೂಲು ಏರಿಸುತ್ತಾರೆ? ಎಲ್ಲರೂ ನಕ್ಕು ಕಳಿಸಿದರು. ಕೊನೆಗೆ ಮಲಕಾಜಪ್ಪ ಆ ತುಂಡನ್ನು ಎರಡು ಬೆರಳಲ್ಲಿ ತಿಕ್ಕಿ, ಒಂದೊಂದೇ ಎಳೆ ಬಿಚ್ಚಿ, ಬೆಳಕಿಗೆ ಹಿಡಿದು, "ನಾಲ್ಕೆಳಿ ಹುರಿ ಐತಿ. ಆಗತೈತಿ ಬಿಡೋ ತಮ್ಮಾ" ಎಂದ.

ಹನ್ನೊಂದು ದಿನ ಶಿವವ್ವ ನೆಮ್ಮದಿಯಿಂದ ಇದ್ದಳು. ಗಂಡ ಕುಣಿಯೊಳಗೆ ಕಾಲಿಟ್ಟವನು ಊಟಕ್ಕೆ ಮಾತ್ರ ಮೇಲೆ ಬರುತ್ತಿದ್ದ. ಹಾಸಿನ ನೂಲಿಗೆ ಗಂಜಿ ಹಿಡಿಸಿ, ಒಂದೊಂದು ಹೊಕ್ಕನ್ನೂ ಮೂರು ಸಲ ಗುದ್ದಿ ನೇಯ್ದ ಆ ಬಟ್ಟೆ ಹಲಗೆಯಷ್ಟು ಬಿಗಿಯಾಗಿತ್ತು. ಮುಧೋಳದಲ್ಲಿ ರಿಕ್ಷಾ ಹುಡ್ ಹೊಲಿಯುವ ಹಾಲೇಶ ಅದನ್ನು ಹೊಲಿದುಕೊಟ್ಟ. ಕಾರಿನ ಮೇಲೆ ಕೂಡಿಸಿದಾಗ ಒಂದು ಸುಕ್ಕಿಲ್ಲ. ಮಲಕಾಜಪ್ಪ ಕಾರನ್ನು ಸುತ್ತು ಹಾಕಿ ಹಾಕಿ ಗ್ಯಾರೇಜಿನವರ ತಲೆ ತಿರುಗಿಸಿಬಿಟ್ಟ.

ಜ್ಞಾನೇಶ್ವರ ಕಾರಿನ ಫೋಟೊ ತೆಗೆದು, ಹಳೇ ಕಾರು ಕೂಡಿಹಾಕುವ ಶೋಕಿಯವರು ನೋಡುವ ಜಾಲತಾಣಕ್ಕೆ ಹಾಕಿದ. ಮೊಮ್ಮಗಳು ಶೀತಲ ಮೊಬೈಲಿನಲ್ಲಿ ಅದನ್ನು ಓದಿ ಹೇಳಿದಳು: "ಹುಡ್, ಇಂಗ್ಲೆಂಡಿನಿಂದ ತರಿಸಿದ ಅಸಲಿ ಬಟ್ಟೆ."

ಮಲಕಾಜಪ್ಪನಿಗೆ ಉರಿಯಿತು. ಕೂಡಲೇ ಫೋನು ಹಚ್ಚಿದ. ಜ್ಞಾನೇಶ್ವರ, "ಕಾಕಾ, ಬನಹಟ್ಟಿ ಅಂದ್ರ ಸೀರಿ ಅಂತಾರ. ಇಂಗ್ಲೆಂಡ್ ಅಂದ್ರ ಕಿಮ್ಮತ್ತು ಬರ್ತೈತಿ. ಸಿಟ್ಟಾಗಬ್ಯಾಡ್ರಿ" ಎಂದ. ಸಿಟ್ಟೇನೋ ಇತ್ತು. ಆದರೆ ಸುಳ್ಳು ಯಾಕೆ ಹೇಳಬೇಕು, ತನ್ನ ಬಟ್ಟೆ ಇಂಗ್ಲೆಂಡಿನದೆಂದು ಸಾಗುತ್ತದಲ್ಲ ಎಂಬ ಹೆಮ್ಮೆಯೂ ಅದರ ಜೊತೆಗೇ ಇತ್ತು. ಹಾಗಾಗಿ ಸುಮ್ಮನಾದ.

ಒಂದು ಶನಿವಾರ ಮಧ್ಯಾಹ್ನ ಎಡವಟ್ಟು ಹೊರಬಿತ್ತು. ಹುಡ್ಡಿಗೆ ಬಳಸಿ ಉಳಿದ ಬಟ್ಟೆಯಲ್ಲಿ ಶಿವವ್ವ ಒಂದು ಕೈಚೀಲ ಹೊಲಿದಿದ್ದಳು. ಹಿಂದಿನ ದಿನ ಸಲೀಸಾಗಿ ಹೋಗಿದ್ದ ಊಟದ ಡಬ್ಬಿ ಇವತ್ತು ಅದರೊಳಗೆ ಹೋಗಲಿಲ್ಲ. ಮಲಕಾಜಪ್ಪ ತುರುಕಿ ತುರುಕಿ ಸಾಕಾದ.

"ಈ ಚೀಲಕ್ಕ ಏನ್ ಮಾಡೀಬೇ?"

"ಏನ್ ಮಾಡ್ಲಿ? ಎಣ್ಣಿ ಚೆಲ್ಲಿತ್ತು, ಒಗದೇನಿ."

"ಸಣ್ಣದಾಗೇತಲ್ಲ!"

"ಹೊಸಾ ಬಟ್ಟಿ ನೀರಿಗೆ ಹಾಕಿದ್ರ ಗಿಡ್ಡ ಆಗೂದಿಲ್ಲೇನು? ಇಷ್ಟು ವರ್ಷ ನೇಯ್ದೀರಿ, ಇದು ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿರಲಿಲ್ಲ ಅಂತಲ್ಲ. ಆದರೆ ಅದು ಎಂದೂ ಅವನ ತಲೆಯ ಭಾರ ಆಗಿರಲಿಲ್ಲ. ಸೀರೆ ಗಂಜಿಯ ಬಿಗಿಯಲ್ಲೇ ಮಗ್ಗದಿಂದ ಇಳಿಯುತ್ತದೆ, ಅಂಗಡಿಗೆ ಹೋಗುತ್ತದೆ. ಅದಕ್ಕೆ ಮೊದಲ ನೀರು ಬೀಳುವುದು ಯಾರದೋ ಮನೆಯ ಒಗೆಯುವ ಕಲ್ಲಿನ ಮೇಲೆ. ನಾಲ್ಕು ಬೆರಳು ಕಡಿಮೆಯಾದರೆ ಒಂದು ನಿರಿಗೆ ಕಡಿಮೆ ಹಿಡಿದರಾಯಿತು, ಯಾರು ಅಳೆಯುತ್ತಾರೆ? ನಲವತ್ತೈದು ವರ್ಷ ನೇಯ್ದ ಮನುಷ್ಯ ತನ್ನ ಬಟ್ಟೆಯನ್ನು ಒಂದು ಸಲವೂ ನೀರಲ್ಲಿ ಅದ್ದಿ ಅಳೆದವನಲ್ಲ. ಹುಡ್ಡಿನ ಬಟ್ಟೆಯನ್ನೂ ಸೀರೆಯ ಹಾಗೆಯೇ ಗಂಜಿ ಸಮೇತ ಮಡಚಿ ಕೊಟ್ಟುಬಿಟ್ಟಿದ್ದ. ಕಾರಿಗೆ ನಿರಿಗೆ ಎಲ್ಲಿಂದ ಬರಬೇಕು?

ಅವನು ಚೀಲಕ್ಕೆ ಗೇಣು ಹಾಕಿ ನೋಡಿದ. ಹುಡ್ಡಿನ ಉದ್ದಕ್ಕೆ ಹೊಂದಿಸಿ ಲೆಕ್ಕ ಮಾಡಿದ. ಒಂದು ಮಳೆ ಬಿದ್ದರೆ ಹುಡ್ ಮೂರು ನಾಲ್ಕು ಬೆರಳು ಗಿಡ್ಡವಾಗುತ್ತದೆ, ಮುಂದಿನ ಗಾಜಿನ ಚೌಕಟ್ಟನ್ನು ಮುಟ್ಟುವುದಿಲ್ಲ. ಎದೆ ಧಸಕ್ಕೆಂದಿತು. ಕಾರು ನೋಡಲು ಮರುದಿನವೇ ಬೆಳಗಾವಿಯಿಂದ ಗಿರಾಕಿ ಬರುವವರಿದ್ದರು.

ವಿಷಯ ಕೇಳಿ ಫೋನಿನಲ್ಲಿ ಜ್ಞಾನೇಶ್ವರ ನಕ್ಕ. "ಕಾಕಾ, ಇಂಥಾ ಕಾರ್ ತಗೊಳ್ಳೋರು ಅದನ್ನ ಮಳ್ಯಾಗ ತಗೀತಾರೇನ್ರಿ? ಮೂರು ಚಾದರ ಹೊಚ್ಚಿ ಮನ್ಯಾಗ ಇಡ್ತಾರ. ಅದು ಸಾಯೂತನಕ ಒಂದು ಹನಿ ನೀರು ನೋಡಂಗಿಲ್ಲ. ಆರಾಮ ಇರ್ರಿ."

ಮಾತು ಖರೆಯೇ ಇತ್ತು. ಆದರೂ ಮಲಕಾಜಪ್ಪನಿಗೆ ಆರಾಮ ಎಲ್ಲಿಂದ? ಮಗ್ಗದ ಕೋಣೆಗೆ ಹೋದ, ಅಂಗಳಕ್ಕೆ ಬಂದ, ಚೀಲ ತಿಕ್ಕಿದ, ಮತ್ತೆ ಒಳಗೆ ಹೋದ. "ನೀವ ಒಂದ ಕಡಿ ಕುಂಡ್ರತೀರೋ, ನಾನ ಎದ್ದು ಹೋಗ್ಲೋ?" ಎಂದು ಶಿವವ್ವ ಗದರಿದಳು. ರವಿವಾರ ಚಹಾ ಕೂಡ ಕುಡಿಯದೆ ಅವನು ಜಮಖಂಡಿಯ ಬಸ್ಸು ಹತ್ತಿದ. ಕೂರಲು ಜಾಗವಿದ್ದರೂ ನಿಂತೇ ಹೋದ.

ಅವನನ್ನು ಕಂಡದ್ದೇ ಜ್ಞಾನೇಶ್ವರನ ಮುಖ ಬಾಡಿತು. "ಕಾಕಾ, ಕೈ ಮುಗೀತೇನಿ. ಇವತ್ತೊಂದಿನ ಬಾಯಿ ಬಿಡಬ್ಯಾಡ್ರಿ" ಎಂದು ಒಂದು ಸ್ಟೂಲು ತೋರಿಸಿದ.

ಗಿರಾಕಿ ಬಂದರು. ಪ್ರತಿಮಾ ಎಂದು ಹೆಸರು, ಐವತ್ತೈದರ ಆಜುಬಾಜು, ಬೆಳಗಾವಿಯಿಂದ ತಾವೇ ಗಾಡಿ ಹೊಡೆದುಕೊಂಡು ಬಂದಿದ್ದರು. ಮನೆಯಲ್ಲಿ ಆಗಲೇ ಆರು ಹಳೇ ಕಾರುಗಳಿವೆಯಂತೆ. ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿ ಟಾರ್ಚು ಹಾಕಿ ನೋಡಿದರು. ಎಂಜಿನ್ ಹಚ್ಚಿ ಕಣ್ಣು ಮುಚ್ಚಿ ಕೇಳಿದರು. ಮುಖದ ಮೇಲೆ ನಗು ಬಂತು. ಜ್ಞಾನೇಶ್ವರನ ಜೀವ ಬಾಯಿಗೆ ಬಂದು ನಿಂತಿತ್ತು. ಕಡೆಗೆ ಅವರು ಹುಡ್ಡಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು. ಸ್ಟೂಲಿನ ಮೇಲೆ ಮಲಕಾಜಪ್ಪ ಉಸಿರು ಹಿಡಿದ.

"ಇಂಥಾ ಬಟ್ಟಿ ನಮ್ಮ ಕಡೆ ಆಗೂದಿಲ್ಲ ಬಿಡ್ರಿ. ಮುಟ್ಟಿದ ಕೂಡ್ಲೇ ಗೊತ್ತಾಗ್ತದ, ಇಂಗ್ಲೆಂಡಿಂದು" ಎಂದರು ಪ್ರತಿಮಾ. "ಛಲೋ ಆತು. ನಾ ಕಾರು ಮನ್ಯಾಗ ಇಟ್ಟು ಪೂಜಾ ಮಾಡಾಕಿ ಅಲ್ಲ. ಮಳಿಗಾಲದಾಗ ಆಂಬೋಲಿ ಘಟ್ಟಕ್ಕ ಇದರಾಗ ಹೋಗ್ತೇನಿ."

ಆಂಬೋಲಿ! ಅಲ್ಲಿ ಮಳೆ ಹನಿಯಾಗಿ ಬೀಳುವುದಿಲ್ಲ, ಕೊಡದಲ್ಲಿ ಸುರಿದ ಹಾಗೆ ಬೀಳುತ್ತದೆ. ಮಲಕಾಜಪ್ಪನಿಗೆ ಕುಳಿತಲ್ಲೇ ಬೆವರೊಡೆಯಿತು. ಸುಮ್ಮನಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ. ಬಟ್ಟೆ ಇಂಗ್ಲೆಂಡಿನದು ಎಂದಮೇಲೆ ತಪ್ಪೂ ಇಂಗ್ಲೆಂಡಿನದೇ, ಬೈಸಿಕೊಳ್ಳುವುದಿದ್ದರೆ ಅವರೇ ಬೈಸಿಕೊಳ್ಳಲಿ. ಬನಹಟ್ಟಿಯ ಹೆಸರನ್ನು ಯಾರು ಎತ್ತುತ್ತಿದ್ದರು? ಆದರೆ ಅವನು ಆಗಲೇ ಎದ್ದು ನಿಂತಾಗಿತ್ತು.

"ಅಕ್ಕಾರ, ಆ ಬಟ್ಟಿ ನಂದ್ರಿ."

ಪ್ರತಿಮಾ ತಿರುಗಿ ನೋಡಿದರು.

"ಬನಹಟ್ಟಿ ಬಟ್ಟಿ ಐತಿ. ನಾ ನೇಯ್ದದ್ದು. ನೀರು ಬಿದ್ರ ಗಿಡ್ಡ ಆಗತೈತಿ. ಒಗದು ಕೊಡಬೇಕಾಗಿತ್ತು, ಕೊಡಲಿಲ್ಲ. ತಪ್ಪು ನಂದು, ಈ ಹುಡುಗಂದಲ್ಲ."

"ಕಾಕಾಗ ವಯಸ್ಸಾಗೇತ್ರಿ ಮೇಡಂ, ಏನೇನೋ ಮಾತಾಡ್ತಾರ" ಎಂದು ಜ್ಞಾನೇಶ್ವರ ನಗಲು ನೋಡಿದ.

ಬೇರೆ ಏನಂದಿದ್ದರೂ ತಡೆದುಕೊಳ್ಳುತ್ತಿದ್ದ. ತಲೆ ಕೆಟ್ಟಿದೆ ಎಂಬಂತೆ ಅಂದದ್ದು ಮಲಕಾಜಪ್ಪನಿಗೆ ನಾಟಿತು. ಅವನು ಗಾಡಿ ತೊಳೆಯುವ ನಲ್ಲಿಯ ಕೆಳಗಿದ್ದ ಬಕೆಟ್ಟು ಎತ್ತಿಕೊಂಡು ಬಂದು, ಯಾರೂ ಹಿಡಿಯುವ ಮೊದಲೇ, ಹನ್ನೊಂದು ದಿನ ನೇಯ್ದ ಬಟ್ಟೆಯ ಮೇಲೆ ಸುರುವಿದ. ಮತ್ತೊಂದು ತಂದು ಸುರುವಿದ. ಮೂರನೆಯದನ್ನು ಅಂಚಿನುದ್ದಕ್ಕೂ ಸುರುವಿದ. ಜ್ಞಾನೇಶ್ವರ ತಲೆ ಹಿಡಿದುಕೊಂಡು ನಿಂತುಬಿಟ್ಟ.

ತರಿಸಿದ ಚಹಾ ಲೋಟದಲ್ಲೇ ತಣ್ಣಗಾಯಿತು. ಅರ್ಧ ತಾಸು ಬಿಟ್ಟು ಪ್ರತಿಮಾ ಮುಂದಿನ ಕೊಂಡಿಗಳನ್ನು ಬಿಚ್ಚಿದರು. ಹುಡ್ ತಾನಾಗಿಯೇ ಹಿಂದಕ್ಕೆ ಸರಿಯಿತು. ಮತ್ತೆ ಹಾಕಲು ಎಳೆದರು. ಜ್ಞಾನೇಶ್ವರನೂ ಕೈ ಹಚ್ಚಿ ಎಳೆದ. ಮೂರು ಬೆರಳು ಕಡಿಮೆ ಬಿತ್ತು.

"ಹುಡ್ ಗಿಡ್ಡಾಗಿದ್ದಕ್ಕ ನನಗ ಸಿಟ್ಟಿಲ್ಲ, ಬ್ಯಾರೆ ಹಾಕಸಬಹುದು" ಎಂದರು ಪ್ರತಿಮಾ, ಕೈ ಒರೆಸಿಕೊಳ್ಳುತ್ತ. "ನೀವು ಬಟ್ಟಿ ಬಗ್ಗೆ ಸುಳ್ಳು ಬರದೀರಿ. ಎಂಜಿನ್ ಬಗ್ಗೆ ಬರದದ್ದು ಹೆಂಗ ನಂಬಲಿ?"

"ಎಂಜಿನ್ ಖರೇನ್ರಿ ಮೇಡಂ, ದೇವರಾಣಿ! ಒಂದೊಂದು ನಟ್ಟೂ ನಾನ..."

"ಇರಬಹುದು. ಖರೇ ಏನದ ಅಷ್ಟನ್ನ ಬರದು ಕಳಸ್ರಿ. ಆಮ್ಯಾಲ ನೋಡೂಣು." ಗಾಡಿ ತಿರುಗಿಸಿಕೊಂಡು ಹೋಗೇಬಿಟ್ಟರು.

ಜ್ಞಾನೇಶ್ವರ ಬಕೆಟ್ಟಿಗೆ ಒದ್ದ ಒದೆತಕ್ಕೆ ಅದು ರಸ್ತೆಯತನಕ ಉರುಳಿತು. "ನಾಕು ವರ್ಷ, ಕಾಕಾ! ಹೊಲ ಹೋತು. ಒಂದು ಮಾತು ಬಾಯಾಗ ಇಟ್ಕೊಳ್ಳಾಕ ಆಗಲಿಲ್ಲಲ್ರೀ ನಿಮಗ?"

"ಆಗಲಿಲ್ಲೋ ತಮ್ಮಾ" ಎಂದ ಮಲಕಾಜಪ್ಪ. ತನ್ನ ತಪ್ಪನ್ನು ತಾನು ಹೊರಲೆಂದು ಬಂದವನು ಅದನ್ನು ಈ ಹುಡುಗನ ತಲೆಯ ಮೇಲೆ ಕೆಡವಿದ್ದ. ಹೆಗಲ ಟವೆಲಿನಿಂದ ಕಾರಿನ ಬಾಗಿಲ ಮೇಲಿನ ನೀರು ಒರೆಸತೊಡಗಿದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ.

ಜ್ಞಾನೇಶ್ವರ ಹಳೇ ಟೈರಿನ ಮೇಲೆ ಕೂತ. ಆಮೇಲೆ ಮೊಬೈಲು ತೆಗೆದ. ಕಾರಿನ ಬಗ್ಗೆ ಹಾಕಿದ್ದ ವಿವರವನ್ನು ಒಂದೊಂದೇ ಸಾಲು ಅಳಿಸಿ ಹೊಸದಾಗಿ ಬರೆದ. ದೀಪದ ಸುತ್ತಿನ ಹಿತ್ತಾಳೆ ಬಳೆ ಬೀಳಗಿಯಲ್ಲಿ ಮಾಡಿಸಿದ್ದು ಎಂದು ಬರೆದ. ಎಂಜಿನ್ನಿನಲ್ಲಿ ತಾನು ಬದಲಾಯಿಸಿದ ಭಾಗಗಳನ್ನೆಲ್ಲ ಬರೆದ. ಹುಡ್ಡಿನ ಸಾಲಿಗೆ ಬಂದಾಗ ತಲೆ ಎತ್ತದೆ ಗಟ್ಟಿಯಾಗಿ ಓದಿದ: "ಹುಡ್, ಬನಹಟ್ಟಿಯ ಕೈಮಗ್ಗದ ಬಟ್ಟೆ. ನೇಯ್ದವರು..." ಅಲ್ಲಿಗೆ ನಿಲ್ಲಿಸಿ, "ನಿಮ್ಮ ಪೂರ್ತಿ ಹೆಸರು ಹೇಳ್ರಿ ಕಾಕಾ" ಎಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮಲಕಾಜಪ್ಪನ ಕೈ ನಿಂತಿತು. ಅವನು ನೇಯ್ದ ಸಾವಿರಾರು ಸೀರೆಗಳ ಮೇಲೆ ಅಂಗಡಿಯವರ ಚೀಟಿ ಅಂಟಿತ್ತು, ಅವನ ಹೆಸರು ಒಂದರ ಮೇಲೂ ಇರಲಿಲ್ಲ. ಬೇಕು ಅನ್ನಿಸಿತು. ಕಣ್ಣಲ್ಲಿ ನೀರು ಬರುವಷ್ಟು ಬೇಕು ಅನ್ನಿಸಿತು. ಬಾಯಿ ತೆರೆದವನು ಹುಡ್ಡಿಗೂ ಗಾಜಿನ ಚೌಕಟ್ಟಿಗೂ ನಡುವೆ ಬಿದ್ದ ಆ ಮೂರು ಬೆರಳಿನ ಸಂದಿಯನ್ನು ನೋಡಿದ.

"ಬ್ಯಾಡ. ಈಗ ಬರೀಬ್ಯಾಡ."

"ಯಾಕ್ರಿ?"

"ಇನ್ನೊಂದು ನೇಯ್ತೇನಿ. ನಾನ ಒಗದು, ಒಣಗಿಸಿ, ಮತ್ತ ಒಗದು ಅಳೀತೇನಿ. ಅಲ್ಲೀತನಕ ಆ ಜಾಗಾ ಖಾಲಿ ಬಿಡು."

"ಅಷ್ಟೊತ್ತಿಗೆ ಅವರು ಬ್ಯಾರೆ ಕಾರ್ ತಗೊಂಡಿರ್ತಾರ ಕಾಕಾ."

"ತಗೊಳ್ಳಲಿ" ಎಂದ ಮಲಕಾಜಪ್ಪ. ಅವನು ಆಗಲೇ ಇಕ್ಕಳ ಹುಡುಕಿ ತಂದು ಹುಡ್ಡಿನ ಅಂಚಿನ ಮೊಳೆ ಕೀಳಲು ಶುರುಮಾಡಿದ್ದ. ಜ್ಞಾನೇಶ್ವರ ಬರೆದದ್ದನ್ನು ಇನ್ನೊಮ್ಮೆ ಓದಿದ. ಆಮೇಲೆ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಹಾಗೆಯೇ ಪ್ರತಿಮಾ ಅವರಿಗೆ ಕಳಿಸಿದ.