ಕಾಕುವಿನ ಪಾಸ್‌ವರ್ಡು

ಇವತ್ತು ಬೆಳಿಗ್ಗೆ ನನ್ನ ಮೊಬೈಲು ನನ್ನನ್ನು ದುರ್ಬಲಳು ಎಂದಿತು. ಸರಿಯಾಗಿ ಹೇಳಬೇಕೆಂದರೆ ನನ್ನನ್ನಲ್ಲ, ನನ್ನ ಪಾಸ್‌ವರ್ಡನ್ನು. ಶಾಲೆಯ ಹಾಜರಿ ತುಂಬುವ ಆ್ಯಪಿಗೆ ಹೊಸ ಪಾಸ್‌ವರ್ಡು ಬೇಕಂತೆ. ಅದರಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಯಾರೂ ಬಳಸದ ಒಂದು ಚಿಹ್ನೆ ಇರಬೇಕಂತೆ. ನಾನು ಏನು ಹೊಡೆದರೂ ಕೆಂಪಕ್ಷರದಲ್ಲಿ ‘ದುರ್ಬಲ’ ಎಂದೇ ಬರುತ್ತಿತ್ತು. ಒಂದು ಹಳೆಯ ಪಾಸ್‌ವರ್ಡು ನೆನಪಾಗಿ ನನಗೆ ನಗು ಬಂತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಗುವವಳನ್ನು ಕಂಡರೆ ಮನೆಯವರು ಏನೆಂದುಕೊಂಡಾರು ಎಂದು ಗೋಡೆಯ ಕಡೆ ತಿರುಗಿ ನಕ್ಕೆ. ಅಷ್ಟರಲ್ಲಿ ಹಾಲು ಉಕ್ಕಿತು. ಆ ತಪ್ಪನ್ನೂ ಹುನಗುಂದದ ನಮ್ಮ ಕಾಕುವಿನ ತಲೆಗೇ ಕಟ್ಟಿದೆ.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ತವರು ಇಳಕಲ್ಲು. ಅಪ್ಪನ ತಮ್ಮ ಬಸವಂತಪ್ಪ ಕಾಕಾ ಹುನಗುಂದ ತಾಲೂಕಿನ ಕನ್ನಡ ಶಾಲೆಗಳಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಅವರು ಬಜಾರಿನಲ್ಲಿ ಹೊರಟರೆ ಮೊಮ್ಮಕ್ಕಳನ್ನು ಕಂಡ ಗಂಡಸರೂ ಬೀಡಿ ಬಿಸುಟು ಎದ್ದು ನಿಲ್ಲುತ್ತಾರೆ. ಊರಿಗೆಲ್ಲ ಅವರು ‘ಸರ’. ಕಾಕುವಿಗೆ ಮಾತ್ರ ‘ರೀ’. ಆ ಒಂದು ಅಕ್ಷರದಲ್ಲಿ ಅವಳು ಸಂಸಾರವನ್ನೇ ನಡೆಸಿದವಳು. ಊಟಕ್ಕೆ ಒಂದು ರೀ, ಸಿಲಿಂಡರ್ ತೀರಿದ್ದಕ್ಕೆ ಒಂದು ರೀ, ನೀವು ಹುಡುಕುವ ಕನ್ನಡಕ ನಿಮ್ಮ ಹಣೆಯ ಮೇಲೇ ಇದೆ ಎನ್ನುವುದಕ್ಕೆ ಸ್ವಲ್ಪ ಎಳೆದ ಇನ್ನೊಂದು ರೀ.

ನೀವು ನಮ್ಮ ಕಡೆಯವರಾದರೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ದವಾಖಾನೆಯಲ್ಲಿ ಚೀಟಿ ಬರೆಯುವವರು ಕೇಳಿದರೂ ಪಕ್ಕದಲ್ಲಿ ಕೂತವರ ಮುಖ ನೋಡುತ್ತಾರೆ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಮಾತ್ರ ಅದಕ್ಕೊಂದು ರಿಯಾಯಿತಿ ಉಂಟು. ಹೆಸರನ್ನು ಪ್ರಾಸವಿರುವ ಎರಡು ಸಾಲಿನೊಳಗೆ ಹುದುಗಿಸಿ ಹೇಳಬೇಕು. ಅದೇ ಒಡಪು. ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿ, ಒಡಪು ಹೇಳಿಸದೆ ಒಳಗೆ ಬಿಡುವುದಿಲ್ಲ. ಅದರಲ್ಲಿ ಗಂಡನಿಗೆ ‘ರಾಯರು’ ಎಂಬ ಪಟ್ಟ ಕಡ್ಡಾಯ. ಅವನು ಹಮಾಲನಿರಲಿ, ಮಾಮಲೇದಾರನಿರಲಿ, ಹೊಸ್ತಿಲ ಮೇಲೆ ಎಲ್ಲರೂ ರಾಯರೇ. ನಾನಂತೂ ಗಂಡನನ್ನು ಆಟೋ ಕೂಗಿದಷ್ಟು ಸಲೀಸಾಗಿ ಹೆಸರು ಹಿಡಿದು ಕೂಗುವವಳು. ಆದರೂ ನನ್ನ ಮದುವೆಯ ದಿನ ಹೊಸ್ತಿಲಲ್ಲಿ ಬಾಯಿ ಕಟ್ಟಿ ನಿಂತೆ. ಹಿಂದಿನಿಂದ ಕಾಕು ಪಿಸುಗುಟ್ಟಿದ್ದನ್ನು ಹಾಗೆಯೇ ಒಪ್ಪಿಸಿ ಪಾರಾದೆ.

ಒಡಪಿನಲ್ಲಿ ಕಾಕುವನ್ನು ಮೀರಿಸುವವರಿರಲಿಲ್ಲ. ತನ್ನದು ಸಾಲದೆಂದು ಕಂಡವರದನ್ನೂ ಕೇಳಿ ಬರೆದುಕೊಳ್ಳುವಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿ ಇಳಿಯುವುದರೊಳಗೆ ಮೂರು ಒಡಪು ಕೊಟ್ಟೇ ಇಳಿಯಬೇಕು. ಬಾದಾಮಿಯ ಒಬ್ಬ ಹಣ್ಣು ಮಾರುವ ಅಜ್ಜಿಯಿಂದ ಅವಳು ತಂದದ್ದು ನನಗೆ ಈಗಲೂ ಬಾಯಿಪಾಠ:

“ಬಾದಾಮಿ ಗುಡ್ಡದ ಮ್ಯಾಲ ಮಂಗ್ಯಾ ಕುಂತಾವ ಸಾಲಕ,
ನಿಂಗಪ್ಪರಾಯರು ಬಂದಾರ ಚಾದ ಕಾಲಕ.”

ಇದನ್ನು ಹೇಳಿ ಕಾಕು, “ಆಕಿ ಗಂಡ ಖರೇನ ಮಂಗ್ಯಾನಂಗ ಇದ್ದನಂತ,” ಎಂದು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

ಕಾಕಾ ನಿವೃತ್ತರಾದ ಮೇಲೆ ಮನೆಗೊಂದು ಕಂಪ್ಯೂಟರು ಬಂತು. ಆತ್ಮಕಥೆ ಬರೆಯುತ್ತೇನೆ ಎಂದು ತರಿಸಿದ್ದರು. ‘ನಾನು ಹುಟ್ಟಿದ್ದು’ ಎಂಬಲ್ಲಿಗೆ ಆತ್ಮಕಥೆ ನಿಂತು, ಇಸ್ಪೀಟಿನ ಆಟ ಶುರುವಾಯಿತು. ಅದನ್ನು ನಿಜವಾಗಿ ಪಳಗಿಸಿದವಳು ಕಾಕು. ಮದುವೆಗೆ ಮುಂಚೆ ಇಳಕಲ್ಲಿನಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದ ಬೆರಳುಗಳು ಅವಳವು. ಮೂವತ್ತೈದು ವರ್ಷ ರೊಟ್ಟಿ ಬಡಿದರೂ ಅವು ಏನನ್ನೂ ಮರೆತಿರಲಿಲ್ಲ. ಮಧ್ಯಾಹ್ನ ಮುಸುರೆ ಮುಗಿಸಿ ಕೂತರೆ ಟಕಟಕ ಎಂದು ಸಂಜೆಯವರೆಗೆ. ಹಾಗೆ ನಾನೂರಕ್ಕೂ ಹೆಚ್ಚು ಒಡಪು ಆ ಡಬ್ಬಿಯೊಳಗೆ ಹೋದವು. ಹೋದ ಮೇಲೆ ಕಾಕು ಮಾಡಿದ ಒಂದು ಕೆಲಸವನ್ನು ನಾನು ಇವತ್ತಿಗೂ ಮರೆತಿಲ್ಲ. “ಕಂಪ್ಯೂಟರನ್ಯಾಗ ಬಂದ ಮ್ಯಾಲ ವಹಿ ಯಾಕ ಬೇಕವ್ವ?” ಎಂದು ಬರೆದಿಟ್ಟ ನೋಟುಬುಕ್ಕುಗಳನ್ನೆಲ್ಲ ಜಳಕದ ಒಲೆಗೆ ಹಾಕಿ ನೀರು ಕಾಸಿದಳು.

ಏಳೆಂಟು ವರ್ಷದ ಹಿಂದೆ ಆ ಕಂಪ್ಯೂಟರು ಕೆಮ್ಮತೊಡಗಿತು. ಕೊಂಚ ಹೊತ್ತು ನಡೆದು ಬಿಸಿಯಾಗಿ ತನ್ನಷ್ಟಕ್ಕೆ ಆರುತ್ತಿತ್ತು. ಕಾಕು ಫೋನು ಮಾಡಿದಳು. ಬಾಗಲಕೋಟೆಯ ನವನಗರದಲ್ಲಿ ನಾನು ಹೈಸ್ಕೂಲಿಗೆ ವಿಜ್ಞಾನ ಹೇಳುವವಳು. ಒಮ್ಮೆ ಜಿಲ್ಲಾ ಮಟ್ಟದ ಸಭೆಯಲ್ಲಿ ಪರದೆಯ ಮೇಲೆ ನಾಲ್ಕು ಚಿತ್ರ ತೋರಿಸಿದ್ದೇ ನೆಪವಾಗಿ ನಮ್ಮ ಬಳಗದಲ್ಲಿ ಕಂಪ್ಯೂಟರ್ ಪಂಡಿತೆ ಎನಿಸಿಕೊಂಡಿದ್ದೆ. ನನ್ನ ಬಳಿ ಹೊಸ ಲ್ಯಾಪ್‌ಟಾಪು ಬೇರೆ ಇತ್ತು. “ಅದರಾಗಿಂದ ಇದರಾಗ ಹಾಕೋದು, ಅಷ್ಟ. ಡಬ್ಬಿ ಬದಲ ಮಾಡಿದಂಗ,” ಎಂದು ಬಡಾಯಿ ಕೊಚ್ಚಿದೆ.

ಭಾನುವಾರ ಹೋಗಿ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಎರಡು ಸಲ ಹಾದು ಹೋಗಿ, ಮೂರನೆಯ ಸಲ ತಡೆಯಲಾರದೆ, “ಅಕ್ಕಾರ, ಕೌದಿ ಸ್ವಲ್ಪ ಸರಸ್ರಿ, ಕೂಸಿಗಿ ಉಸರಾಡಾಕ ಬರಲಿ,” ಎಂದರು. ನಾನು ಸರಿಸಿದೆ. ಅವರು ಬಗ್ಗಿ ನೋಡಿ, ಲಗೇಜಿನ ಟಿಕೇಟು ಹರಿದು ಕೊಟ್ಟರು.

ನವನಗರದ ರಿಪೇರಿಯವನು ಡಬ್ಬಿಗೆ ಕಿವಿ ಹಚ್ಚಿ ಕೇಳಿದ. ಡಿಸ್ಕು ಒಳಗೇ ಕರಕರ ಎನ್ನುತ್ತಿತ್ತು. “ಇದು ಹೊಂಟೈತ್ರಿ ಅಕ್ಕಾರ. ಬಿಚ್ಚಾಕ ಹೋದ್ರ ಈಗ ಹೋಗತೈತಿ, ಬಿಚ್ಚಲಿಲ್ಲಂದ್ರ ನಾಳೆ ಹೋಗತೈತಿ. ಒಮ್ಮೆ ಚಾಲೂ ಮಾಡಿದ್ರ ಕಾಲ್ ತಾಸು ಜೀವ ಹಿಡೀತೈತಿ. ಅಂಥಾವು ಎರಡೋ ಮೂರೋ ಸಲ. ಅಷ್ಟರಾಗ ಏನ್ ತಗೀಬೇಕೋ ತಗದುಬಿಡ್ರಿ,” ಎಂದು ತನ್ನದೇ ಒಂದು ಹಳೆಯ ಮಾನಿಟರನ್ನು ಎರವಲು ಕೊಟ್ಟ.

ಮನೆಯಲ್ಲಿ ಎಲ್ಲ ಸಿದ್ಧ ಮಾಡಿಕೊಂಡೆ. ಎಡಕ್ಕೆ ಹಳೆಯದು, ಬಲಕ್ಕೆ ಲ್ಯಾಪ್‌ಟಾಪು, ನಡುವೆ ಪೆನ್‌ಡ್ರೈವು, ಹಳೆಯದಕ್ಕೆ ಗಾಳಿ ಹಾಕಲು ಟೇಬಲ್ ಫ್ಯಾನು. ಚಾಲೂ ಮಾಡಿದೆ. ಪಾಸ್‌ವರ್ಡು ಕೇಳಿತು. ಕಾಕುವಿಗೆ ಫೋನು ಹಚ್ಚಿದೆ.

“ಕಾಕು, ಪಾಸ್‌ವರ್ಡ್ ಏನೈತಿ?”

ಆ ಕಡೆ ಬಳೆ ಸರಿಸಿದ ಸದ್ದಾಯಿತು. ಆಮೇಲೆ, “ಹೆಸರು,” ಎಂದಳು.

“ಯಾರ ಹೆಸರು?”

“ಹೆಸರು ಅಂದ್ರ ಹೆಸರವ್ವ. ತಿಳಕೊ.”

ತಿಳಿಯಿತು. ನನಗೆ ನಗು ತಡೆಯಲಾಗಲಿಲ್ಲ. “ಕಾಕಾನ ಹೆಸರು ಇಟ್ಟೀಯೇನು? ಗಂಡನ ಹೆಸರು ಹೇಳದಾಕಿ?”

“ಬಾಯಿಲೆ ಅಂದಿಲ್ಲ ನಾ. ಬೆರಳಿಲೆ ಒತ್ತೇನಿ. ಒತ್ತಿದ್ರ ಅಂದಂಗ ಆಗತೈತೇನು?”

ಧರ್ಮಸೂಕ್ಷ್ಮ. ವಾದಕ್ಕೆ ಪುರುಸೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬಸವಂತಪ್ಪ ಎಂದು ಹೊಡೆದೆ. ತೆರೆಯಲಿಲ್ಲ. ‘ವ’ಕ್ಕೆ ಬೇರೆ ಅಕ್ಷರ ಹಾಕಿದೆ, ‘ತ’ಕ್ಕೆ ಬಾಲ ಹಚ್ಚಿದೆ, ಒಂದು ‘ಪ’ ಇಳಿಸಿದೆ. ಹೆಸರು ಒಂದೇ ಇದ್ದರೂ ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಮನೆಗೊಂದು ಪದ್ಧತಿಯುಂಟಲ್ಲ. ಒಂದಕ್ಕೂ ಬಗ್ಗದೆ ಯಂತ್ರ ಕಾಲು ತಾಸಿಗೆ ಸರಿಯಾಗಿ ಆರಿತು. ತಣ್ಣಗಾಗಲು ಬಿಟ್ಟು, ಚಹಾ ಕುಡಿದು, ಮತ್ತೆ ಚಾಲೂ ಮಾಡಿ ಮತ್ತೆ ಫೋನು ಮಾಡಿದೆ.

“ಮುಂದ ಅಪ್ಪ ಹಚ್ಚಬ್ಯಾಡ,” ಎಂದಳು ಕಾಕು.

“ರಾಯರು ಹಚ್ಚಲೇನು?”

“ರಾಯರೂ ಬ್ಯಾಡ.”

“ಬರೇ ಬಸವಂತ?”

“ಇನ್ನೂ ಸಣ್ಣದು.”

“ಬಸವ?”

“ಭಾಳ ದೊಡ್ಡದಾತು.”

“ಹಂಗಾರ ಒಂದೊಂದ ಅಕ್ಷರ ಬಿಡಿಸಿ ಹೇಳಿಬಿಡು ಕಾಕು. ಬಿಡಿ ಅಕ್ಷರಕ್ಕ ಏನ್ ದೋಷ?”

“ಬಿಡಿಸಿ ಹೇಳಿದ್ರೂ ಅದ ಆತಲ್ಲವ್ವ. ಹೋಳಿಗಿ ಮುರದು ಮುರದು ತಿಂದ್ರ ಉಪಾಸ ಉಳೀತೈತೇನು?”

ಈ ಮಾತಿಗೆ ನಾನು ನಕ್ಕು ಮುಗಿಸುವುದರೊಳಗೆ ಯಂತ್ರ ಎರಡನೆಯ ಸಲ ಆರಿತು. ಆಗ ನಗು ಹೋಯಿತು. ಕರಕರ ಸದ್ದು ಈಗ ದೊಡ್ಡದಾಗಿತ್ತು. ಉಳಿದದ್ದು ಒಂದೇ ಸಲ. ನೋಟುಬುಕ್ಕು ಬೂದಿಯಾಗಿದ್ದವು, ಇನ್ನೊಂದು ಪ್ರತಿ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಹತ್ತು ವರ್ಷ ಬಸ್ಸು ಹತ್ತಿ ಇಳಿದು ಒಬ್ಬ ಹೆಂಗಸು ಕೂಡಿಸಿದ್ದೆಲ್ಲ ನನ್ನ ಕಣ್ಣೆದುರೇ ಹೋಗುವುದಿತ್ತು. ನನಗೆ ಸಿಟ್ಟೇ ಬಂತು. ಮೂರನೆಯ ಸಲ ಚಾಲೂ ಮಾಡಿ ಫೋನಿನಲ್ಲಿ ಹಿರಿಯರೆನ್ನದೆ ಜೋರಾಗಿಯೇ ಕೇಳಿದೆ.

“ಕಾಕು, ನಿನಗ ನಾಚಿಕಿ ಬೇಕೋ, ಒಡಪು ಬೇಕೋ? ಎರಡರಾಗ ಒಂದ ಹೇಳು. ಇದು ಕಡೇ ಸಲ.”

“ಫೋನಿನ ರೇಂಜು ಪಡಸಾಲಿ ಕಿಟಕ್ಯಾಗ ಅಷ್ಟ ಸಿಗತೈತಿ,” ಎಂದು ಅವಳು ದನಿ ಇಳಿಸಿದಳು. “ಇವರು ಇಲ್ಲೇ ಹೊರಸಿನ ಮ್ಯಾಲ ಪೇಪರ್ ಓದಕೋತ ಕುಂತಾರ. ಕಿವಿ ಭಾಳ ಚುರುಕು.”

“ಕೇಳಲಿ.”

“ಹಂಗಲ್ಲವ್ವ. ಅದು ಕೇಳಿಸಬಾರದಂಥದ್ದು ಐತಿ.”

ಟೇಬಲ್ ಫ್ಯಾನು ತಿರುಗುತ್ತಿತ್ತು. ಕೊನೆಗೆ, “ಬಾದಾಮಿ ಅಜ್ಜಿ ಹ್ವಾದ ವರ್ಷ ಹೋದಳು. ಒಡಪು ಕೊಟ್ಟಿದ್ದ ಅಮೀನಗಡದಾಕೀನೂ ಹೋದಳು. ಅವರ ಮಾತು ನನ್ನ ಕಡೆ ಅದಾವು. ನಾ ನಾಚಕೊಂಡು ಕುಂತ್ರ ಅವೂ ಹೋಗತಾವು,” ಎಂದಳು. ಇದನ್ನು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಗೊತ್ತಾಗಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಮದುವೆ ಮನೆಯ ಹೊಸ್ತಿಲಲ್ಲಿ ನಿಂತವಳ ಹಾಗೆ, ಓಣಿಗೆಲ್ಲ ಕೇಳುವಂತೆ ಹೇಳಿದಳು:

“ಹಳೇ ಪೆಟಗಿಗಿ ಹಾಕೇನಿ ಹೊಸಾ ಕೀಲಿ,
ಬಸ್ಯಾ ಅಂದೇನಿ, ಮಾಸ್ತರ ಕಿವಿಗಿ ಬೀಳದಿರಲಿ.”

ಬಸ್ಯಾ. ತಾಲೂಕಿನ ಅರ್ಧ ಗಂಡಸರಿಗೆ ಬೆತ್ತದ ರುಚಿ ತೋರಿಸಿದ ಹೆಡ್‌ಮಾಸ್ತರು, ಬಸ್ಯಾ. ಅಪ್ಪನೂ ಇಲ್ಲ, ರಾಯರೂ ಇಲ್ಲ. ಹತ್ತು ವರ್ಷ ದಿನಾಲು ಮಧ್ಯಾಹ್ನ ಕಾಕು ಅವರ ಎದುರಿಗೇ ಕೂತು, ಸೆರಗು ಸರಿ ಮಾಡಿಕೊಂಡು, ಗಂಡನನ್ನು ಬೆರಳಿನಿಂದ ಬಸ್ಯಾ ಎಂದು ಕರೆದು ಕೆಲಸ ಶುರು ಮಾಡುತ್ತಿದ್ದಳು. ನನಗೆ ನಗುವಿನಿಂದ ಕಣ್ಣು ಮಂಜಾಗಿ ಕೀಲಿಗಳೇ ಕಾಣಲಿಲ್ಲ. ಹೇಗೋ ಇಂಗ್ಲಿಷಿನ ಐದು ಅಕ್ಷರ ಒತ್ತಿದೆ. ಯಂತ್ರ ಟಿಂಗ್ ಎಂದು ಬಾಗಿಲು ತೆರೆಯಿತು.

‘ಒಡಪು’ ಎಂಬ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದು ಬಿಟ್ಟೆ. ಹಸಿರು ಪಟ್ಟಿ ತೆವಳತೊಡಗಿತು. ನಾಲ್ಕು ನಿಮಿಷ ಎಂದಿತು, ಮರುಕ್ಷಣ ಎರಡು ತಾಸು ಎಂದಿತು, ಅದರ ಮರುಕ್ಷಣ ಮೂವತ್ತು ಸೆಕೆಂಡು ಎಂದಿತು. ಫೋನು ಇನ್ನೂ ಕಿವಿಯಲ್ಲೇ ಇತ್ತು. ಆ ಕಡೆ ಪೇಪರು ಮಡಚುವ ಸದ್ದು ಕೇಳಿಸಿತು.

“ಯಾರಿಗಂದಿ ಅದನ್ನ?” ಕಾಕಾನ ದನಿ.

“ಕಂಪ್ಯೂಟರಿಗ್ರಿ,” ಎಂದಳು ಕಾಕು.

ಬೈಗುಳ ಬಂದೇ ಬರುತ್ತದೆಂದು ನಾನು ಕಾದೆ. ಶಾಲೆಯಲ್ಲಿ ಅವರ ಕೈಯಿಂದ ಕಿವಿ ಹಿಂಡಿಸಿಕೊಂಡವಳು ನಾನು, ಅಷ್ಟು ದೂರದಿಂದಲೂ ಕೈ ಕಿವಿಗೆ ಹೋಗಿತ್ತು. ಬಂದದ್ದು ಬೇರೆ.

“ನಮ್ಮವ್ವ ಹೋದ ಮ್ಯಾಲ ನನಗ ಹಂಗ ಕರದವರ ಇಲ್ಲ,” ಎಂದರು ಕಾಕಾ. ಆಮೇಲೆ ತೀರ ಸಣ್ಣ ದನಿಯಲ್ಲಿ, “ಇನ್ನೊಮ್ಮೆ ಅನ್ನು.”

ಫೋನು ಕಟ್ಟಾಯಿತು. ಕಾಕುವೇ ಕಟ್ ಮಾಡಿದಳು. ಇತ್ತ ಹಸಿರು ಪಟ್ಟಿ ತುದಿ ಮುಟ್ಟಿತು. ಪೆನ್‌ಡ್ರೈವು ಕಿತ್ತು ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದೆ. ಎಲ್ಲ ಬಂದಿದ್ದವು. ಬಾದಾಮಿಯ ಮಂಗಗಳೂ ಸಾಲಾಗಿ ಬಂದು ಕೂತಿದ್ದವು. ನಾನು ಖುಷಿಯಿಂದ ಮನೆಯೊಳಗೆಲ್ಲ ಓಡಾಡಿ ಬರುವಷ್ಟರಲ್ಲಿ ಹಳೆಯ ಯಂತ್ರ ಆರಿಹೋಗಿತ್ತು. ಅದು ಮತ್ತೆ ಹತ್ತಲಿಲ್ಲ.

ಯಾಕೆ ಆ ಹೆಸರನ್ನೇ ಇಟ್ಟಿದ್ದಿ ಎಂದು ಬಹಳ ದಿನದ ಮೇಲೆ ಕಾಕುವನ್ನು ಕೇಳಿದೆ. ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಅತ್ತಿ ಕರೀತಿದ್ರು, ಬಸ್ಯಾ ಬಾ, ಬಸ್ಯಾ ಉಣ್ಣು ಅಂತ. ಅವರು ಹೋದ್ರು, ಆ ಹೆಸರೂ ಮನ್ಯಾಗ ಕೇಳದಂಗಾತು. ಎಲ್ಲಾರ ಮಾತು ಕೂಡಿಡಾಕತ್ತೇನಿ, ಇದೂ ಒಂದ ಇರಲಿ ಅಂತ ಇಟ್ನಿ,” ಎಂದಳು.

ಈಗ ಅವಳ ಒಡಪು ನನ್ನ ಲ್ಯಾಪ್‌ಟಾಪಿನಲ್ಲಿವೆ, ಇನ್ನೂ ಮೂರು ಕಡೆ ಪ್ರತಿ ಮಾಡಿಟ್ಟಿದ್ದೇನೆ. ನಾನೂ ಬರೆದುಕೊಳ್ಳುವುದನ್ನು ಕಲಿತಿದ್ದೇನೆ. ಬಸ್ಸಿನಲ್ಲಿ ಮುದುಕಿಯರ ಪಕ್ಕದ ಸೀಟು ನೋಡಿಯೇ ಕೂಡುತ್ತೇನೆ. ಹೋದ ವಾರ ಹುನಗುಂದಕ್ಕೆ ಹೋದಾಗ ಒಂಬತ್ತು ಹೊಸ ಒಡಪು ಬರೆದು ಒಯ್ದಿದ್ದೆ. ನಾನು ಪಡಸಾಲೆಯಲ್ಲಿ ಕಾಕಾನ ಎದುರು ಕೂತಿದ್ದೆ. ಅವರು ಎಂದಿನಂತೆ ಗಂಟುಮುಖದಲ್ಲಿ ನನ್ನ ಕಾಗುಣಿತದ ತಪ್ಪಿಗೆ ಗೆರೆ ಎಳೆಯುತ್ತಿದ್ದರು. ನಾನು ಬಂದದ್ದು ಒಳಗಿದ್ದ ಕಾಕುವಿಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅವಳ ದನಿ ಬಂತು:

“ಬಸ್ಯಾ, ಚಾ ಆರಾಕತ್ತೈತಿ.”

ಪೆನ್ನು ಕೆಳಗಿಟ್ಟು, ನಾನು ಎದುರಿಗಿರುವುದನ್ನೂ ಮರೆತು, ಎಪ್ಪತ್ತಾರು ದಾಟಿದ ಹೆಡ್‌ಮಾಸ್ತರು “ಓ” ಎಂದರು.